ನಾಲ್ಕು ರಾತ್ರಿಯ ‘ಇಂಡಿಯಾ’: ಕೋಲ್ಟ್ರೇನ್ ಬಾಕ್ಸ್ ಸೆಟ್ ಕೊಳ್ಳಬೇಕೇ?

1961ರ ನವೆಂಬರ್ ಮೊದಲ ವಾರ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನುಡಿಸಿದ. ಒಂದು, ಎರಡು, ಮೂರು ಮತ್ತು ಐದನೇ ತಾರೀಖಿನ ರಾತ್ರಿಗಳು ಟೇಪಿಗೆ ಇಳಿದವು. ಆ ಟೇಪುಗಳನ್ನು ಒಟ್ಟುಮಾಡಿ ಇಂಪಲ್ಸ್ ಕಂಪನಿ 1997ರಲ್ಲಿ ನಾಲ್ಕು ಸಿಡಿಗಳ ಒಂದು ಪೆಟ್ಟಿಗೆ ಹೊರತಂದಿತು: ‘ದ ಕಂಪ್ಲೀಟ್ 1961 ವಿಲೇಜ್ ವ್ಯಾನ್‌ಗಾರ್ಡ್ ರೆಕಾರ್ಡಿಂಗ್ಸ್’. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಪೆಟ್ಟಿಗೆಯ ದರ, ಅಂಚೆ, ಕಸ್ಟಮ್ಸ್ ಎಲ್ಲ ಸೇರಿ ಏಳು ಸಾವಿರದ ಮೇಲೆ ಬಿತ್ತು. ಹತ್ತಿರಹತ್ತಿರ ಒಂದು ಕ್ವಿಂಟಲ್ ತೊಗರಿಯ ರೊಕ್ಕ. ಕಲಬುರಗಿಯ ಕಪನೂರಿನ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು ನಾನು, ಯಾವುದನ್ನಾದರೂ ಕ್ವಿಂಟಲ್ಲಿಗೆ ತಂದು ನೋಡದೆ ಸಮಾಧಾನವಿಲ್ಲ.

ಕೊಳ್ಳಬಹುದೇ ಎಂದರೆ, ಹೌದು, ಕೊಳ್ಳಿ. ಆದರೆ ‘ಕಂಪ್ಲೀಟ್’ ಅಂತ ಮೇಲೆ ಬರೆದುಕೊಂಡು ಬರುವ ಎಲ್ಲ ಪೆಟ್ಟಿಗೆಗಳಿಗೂ ಇದೇ ಮಾತು ಹೇಳಲಾರೆ. ಕೆಲವನ್ನು ಪುಕ್ಕಟೆ ಕೊಟ್ಟರೂ ಇಡಲು ಜಾಗ ಹುಡುಕಬೇಕಾಗುತ್ತದೆ.

ನಮ್ಮೂರಿನಲ್ಲಿ ಜಾಝ್ ಮಾರುವ ಅಂಗಡಿ ನಾನು ಕಂಡಿಲ್ಲ. ಸೂಪರ್ ಮಾರ್ಕೆಟ್ ಕಡೆ ಕ್ಯಾಸೆಟ್ ಅಂಗಡಿಗಳು ಜೋರಾಗಿದ್ದ ಕಾಲದಲ್ಲೂ ಭಜನೆ, ತತ್ವಪದ, ಕವ್ವಾಲಿ, ಹಿಂದಿ ಸಿನಿಮಾ, ಅಷ್ಟೇ. ಬೇಕಾದವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ ಕಾಳಾ ಘೋಡಾದ ರಿದಮ್ ಹೌಸ್‌ನಲ್ಲಿ ನಿಂತು ಆರಿಸಬೇಕಿತ್ತು. ಆ ಅಂಗಡಿಯೂ 2016ರಲ್ಲಿ ಮುಚ್ಚಿತು. ನನಗೆ ಈ ಹುಚ್ಚು ಹತ್ತಿಸಿದ್ದು ಅಮೆರಿಕದವರಲ್ಲ, ಒಂದು ಲೆಕ್ಕದಲ್ಲಿ ಬೆಂಗಳೂರಿನವರು. ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಅಂತ ಒಂದು ರೆಕಾರ್ಡ್ ಇದೆ, 1983ರದು, ಜರ್ಮನಿಯ ಇಸಿಎಂ ಕಂಪನಿಯದು. ಗೆಳೆಯನೊಬ್ಬ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಟ್ಟಿದ್ದ. ಅಲ್ಲಿಂದ ಸ್ಯಾಕ್ಸೊಫೋನಿನ ಬಾಲ ಹಿಡಿದು ಹೊರಟವನು ಕೋಲ್ಟ್ರೇನ್ ತನಕ ಬಂದು ಅಲ್ಲೇ ಠಿಕಾಣಿ ಹೂಡಿದ್ದೇನೆ.

ಈ ಪೆಟ್ಟಿಗೆಯ ಬೆಲೆ ಗೊತ್ತಾಗಬೇಕಾದರೆ ಇದು ಬರುವ ಮುಂಚೆ ಜನ ಏನು ಕೇಳುತ್ತಿದ್ದರು ಅನ್ನುವುದು ತಿಳಿದಿರಬೇಕು. 1962ರಲ್ಲಿ ಬಂದ ಎಲ್‌ಪಿಯಲ್ಲಿ ಇದ್ದದ್ದು ಮೂರೇ ನುಡಿಸಾಣಿಕೆ. ಒಂದು ಮಗ್ಗುಲಿಗೆ ‘ಸ್ಪಿರಿಚುಯಲ್’ ಮತ್ತು ‘ಸಾಫ್ಟ್ಲಿ ಆ್ಯಸ್ ಇನ್ ಎ ಮಾರ್ನಿಂಗ್ ಸನ್‌ರೈಸ್’, ಇನ್ನೊಂದು ಮಗ್ಗುಲು ಪೂರ್ತಿ ‘ಚೇಸಿನ್ ದ ಟ್ರೇನ್’. ಮರುವರ್ಷ ‘ಇಂಪ್ರೆಷನ್ಸ್’ ಎಂಬ ಆಲ್ಬಂನಲ್ಲಿ ಇನ್ನೆರಡು ಬಂದವು. ಉಳಿದದ್ದು ಡಬ್ಬಿಯಲ್ಲೇ ಇತ್ತು. ಕೋಲ್ಟ್ರೇನ್ 1967ರಲ್ಲಿ ತೀರಿಕೊಂಡ. 1977ರಲ್ಲಿ ‘ದಿ ಅದರ್ ವಿಲೇಜ್ ವ್ಯಾನ್‌ಗಾರ್ಡ್ ಟೇಪ್ಸ್’ ಅಂತ ಒಂದಷ್ಟು, 1979ರಲ್ಲಿ ‘ಟ್ರೇನ್ಸ್ ಮೋಡ್ಸ್’ ಅಂತ ಮತ್ತೊಂದಷ್ಟು ಹೊರಬಿದ್ದವು. ಒಂದು ವಾರದ ಸಂಗೀತ ಹದಿನೇಳು ವರ್ಷ ಕಂತುಕಂತಾಗಿ, ಹಿಂದುಮುಂದಾಗಿ ಮಾರಾಟವಾಯಿತು. ಯಾವ ರಾತ್ರಿಯ ಮುಂದೆ ಯಾವ ರಾತ್ರಿ ಅಂತ ಜೋಡಿಸಿ ಕೇಳುವ ದಾರಿಯೇ ಇರಲಿಲ್ಲ. 1997ರ ಪೆಟ್ಟಿಗೆ ಮಾಡಿದ ದೊಡ್ಡ ಕೆಲಸ ತಾರೀಖಿನ ಪ್ರಕಾರ ಇಟ್ಟಿದ್ದು. ಒಟ್ಟು 22 ನುಡಿಸಾಣಿಕೆ ಇವೆ, ರಚನೆಗಳು ಮಾತ್ರ ಹತ್ತರೊಳಗೆ. ಅಂದರೆ ಅವೇ ಅವೇ ಮತ್ತೆಮತ್ತೆ ಬರುತ್ತವೆ. ಹೊಸಬರಿಗೆ ಬೇಸರ ತರಿಸುವುದೂ ಇದೇ, ನನ್ನಂಥವರನ್ನು ಹಿಡಿದು ಕೂರಿಸುವುದೂ ಇದೇ.

‘ಇಂಡಿಯಾ’ ಎಂಬ ರಚನೆ ನಾಲ್ಕೂ ರಾತ್ರಿ ಇದೆ. ಒಂದೇ ಆಧಾರಸ್ವರದ ಮೇಲೆ ನಿಂತ ಸಂಗೀತ. ಕೆಳಗೆ ಬಾಸ್ ಎಂಬ ದೊಡ್ಡ ತಂತಿವಾದ್ಯ ಎರಡು, ರೆಜಿ ವರ್ಕ್‌ಮನ್ ಒಬ್ಬ, ಜಿಮ್ಮಿ ಗ್ಯಾರಿಸನ್ ಇನ್ನೊಬ್ಬ. ಮೇಲೆ ಕೋಲ್ಟ್ರೇನ್ ಸೊಪ್ರಾನೊ ಸ್ಯಾಕ್ಸೊಫೋನ್ ಊದುತ್ತಾನೆ. ಮದುವೆ ಮನೆಯ ಶಹನಾಯಿ ಕೇಳಿ ಬೆಳೆದ ಕಿವಿಗೆ ಅದೇನೂ ಪರಕೀಯವಲ್ಲ. ಎರಿಕ್ ಡಾಲ್ಫಿ ಊದುವ ಬಾಸ್ ಕ್ಲಾರಿನೆಟ್ ಮಾತ್ರ ಬೇರೆಯದೇ ಜೀವ, ಕೆಳಗಿನ ಸ್ವರದಿಂದ ಒಮ್ಮೆಲೇ ಮೇಲಕ್ಕೆ ಚಿಮ್ಮಿ ಅಲ್ಲಿ ಕಿರುಚಿ ಇಳಿಯುತ್ತದೆ. ಆ ಹೊತ್ತಿಗೆ ಕೋಲ್ಟ್ರೇನ್ ರವಿಶಂಕರರ ಸಿತಾರ್ ಕೇಳುತ್ತಿದ್ದ, ಅವರನ್ನು ಕಂಡು ಕಲಿಯಬೇಕೆಂಬ ಆಸೆಯಿತ್ತು. ಮುಂದೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತಲೇ ಹೆಸರಿಟ್ಟ.

1963ರ ಎಲ್‌ಪಿಯಲ್ಲಿ ಬಂದ ‘ಇಂಡಿಯಾ’ ನವೆಂಬರ್ 3ರ ರಾತ್ರಿಯದು. ಅದರಲ್ಲಿ ಬಾಸ್ ಎರಡು ಇವೆ, ಮೀಟುವ ತಂತಿಯ ಶ್ರುತಿ ಇಲ್ಲ. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಅಹ್ಮದ್ ಅಬ್ದುಲ್ ಮಲಿಕ್ ಎಂಬಾತ ಜೊತೆಗೆ ಕೂತಿದ್ದಾನೆ. ಜಾಝ್ ಪಿಯಾನೊ ವಾದಕ ಥಲೋನಿಯಸ್ ಮಂಕ್ ತಂಡದಲ್ಲಿ ಬಾಸ್ ನುಡಿಸಿದವನು ಈತ, ಅರಬ್ಬರ ಊದ್ ಎಂಬ ತಂತಿವಾದ್ಯವನ್ನೂ ನುಡಿಸುತ್ತಿದ್ದ. ಹಾಗಾಗಿ ಪಟ್ಟಿಗಳಲ್ಲಿ ಊದ್ ಅಂತಲೇ ನಮೂದು. ನನ್ನ ಕಿವಿ ಒಪ್ಪುವುದಿಲ್ಲ. ನಮ್ಮಪ್ಪ ಶರಣಬಸವೇಶ್ವರ ಗುಡಿಯ ಕಡೆ ಭಜನೆಗೆ ಹೋಗುವಾಗ ತಂಬೂರಿ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ; ಆಮೇಲೆ ರಾತ್ರಿ ಎಷ್ಟೊತ್ತಾದರೂ ಅದರ ಪಕ್ಕದಲ್ಲೇ ಕೂತು ತೂಕಡಿಸಿದ್ದೂ ಉಂಟು. ಬೆರಳು ತಂತಿಯಿಂದ ತಂತಿಗೆ ಸರಿದು ಬಿಡುವಾಗ ಉಳಿಯುವ ಆ ಝೇಂಕಾರ ಯಾವುದು ಅಂತ ನನಗೆ ಯಾರೂ ಹೇಳಬೇಕಿಲ್ಲ. ಅದು ತಂಬೂರಿ. ಹೆಡ್‌ಫೋನ್ ಹಾಕಿಕೊಂಡು ಮೊದಲ ಡಿಸ್ಕಿನ ಮೊದಲ ಹಾಡಿನ ಶುರುವಿನಲ್ಲೇ ಕೇಳಿ, ಡ್ರಮ್ ಏರುವ ಮುಂಚೆ.

ಬಹುಕಾಲ ‘ಇಂಡಿಯಾ’ ಅಂದರೆ ಹೆಚ್ಚಿನವರಿಗೆ ಆ ಮೂರನೇ ತಾರೀಖಿನದೇ. ಅದು ಕಳಪೆಯಲ್ಲ, ನಾಲ್ಕರಲ್ಲಿ ಹೆಚ್ಚು ಅಚ್ಚುಕಟ್ಟಾದದ್ದು ಅದೇ ಇರಬೇಕು, ಅದಕ್ಕೇ ಆರಿಸಿದ್ದಾರೆ. ಆದರೆ ಆರಿಸುವವರು ಅಚ್ಚುಕಟ್ಟನ್ನು ಆರಿಸಿದಾಗ ತಂಬೂರಿ ಹೊರಗೆ ಉಳಿಯಿತು. ಮೊದಲ ರಾತ್ರಿಯದು ಸುಮಾರು ಹತ್ತು ನಿಮಿಷದ್ದು, ಇನ್ನೂ ದಾರಿ ಹುಡುಕುತ್ತಿರುವ ನಡಿಗೆ. ಕೊನೆಯದು ಹದಿನೈದರ ಹತ್ತಿರ ಹೋಗುತ್ತದೆ, ಅಷ್ಟರಲ್ಲಿ ಎಲ್ಲರಿಗೂ ಮನೆ ಗೊತ್ತಾಗಿದೆ, ಯಾರೂ ಅವಸರ ಮಾಡುವುದಿಲ್ಲ. ನಾವು ಹಿಂದೂಸ್ತಾನಿ ಕೇಳುವವರು ಮಲ್ಲಿಕಾರ್ಜುನ ಮನ್ಸೂರರ ಒಂದೇ ರಾಗದ ಬೇರೆಬೇರೆ ಕಚೇರಿ ಇಟ್ಟುಕೊಂಡು ‘ಇದು ಬೇರೆ, ಅದು ಬೇರೆ’ ಅಂತ ವಾದಿಸುವುದಿಲ್ಲವೇ? ಈ ಪೆಟ್ಟಿಗೆಯನ್ನು ಹಾಗೆ ಕೇಳಬೇಕು.

ಮನೆಯಲ್ಲಿ ಇದನ್ನು ಎಲ್ಲರೂ ಒಪ್ಪಿದ್ದಾರೆ ಅಂತೇನಿಲ್ಲ.

“ರೀ, ಇದನ್ನ ನಿನ್ನೇನೂ ಹಚ್ಚಿದ್ರಲ್ಲ?”

“ನಿನ್ನಿಂದು ಒಂದನೇ ತಾರೀಖಿಂದು, ಇದು ಎರಡನೇ ತಾರೀಖಿಂದು.”

“ಯಾವ ತಾರೀಖಿಂದರೆ ಆಗ್ಲಿ, ಸಣ್ಣಗ ಹಚ್ರಿ. ಪೋರಿ ಓದ್ಲತ್ತಾಳ.”

ನಮ್ಮ ಓಣಿಯಲ್ಲಿ ತಬಲಾ ಕಾಕಾ ಒಬ್ಬರಿದ್ದಾರೆ. ಗುಡಿ, ಮಠ, ಉರುಸು, ಎಲ್ಲಿ ಕರೆದರೂ ನುಡಿಸಿದ ಕೈ. ಈಗ ಮಂಡಿನೋವು, ಮನೆಯಲ್ಲೇ. ಅವರಿಗೆ ಎರಡನೇ ತಾರೀಖಿನ ‘ಚೇಸಿನ್ ದ ಟ್ರೇನ್’ ಹಚ್ಚಿದೆ. ಬೇಕಂತಲೇ ಅದನ್ನು ಆರಿಸಿದ್ದೆ. ಮೆಕಾಯ್ ಟೈನರ್ ಅದರಲ್ಲಿ ಪಿಯಾನೊ ಮುಟ್ಟುವುದಿಲ್ಲ, ಹದಿನಾರು ನಿಮಿಷ ಹೆಚ್ಚುಕಡಿಮೆ ಟೆನರ್ ಸ್ಯಾಕ್ಸೊಫೋನ್, ಬಾಸ್, ಡ್ರಮ್ ಮೂರೇ. ಡ್ರಮ್ ಮೇಲೆ ಎಲ್ವಿನ್ ಜೋನ್ಸ್. ಕಾಕಾ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಎಣಿಸತೊಡಗಿದರು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು.

“ತಮ್ಮಾ, ಇಂವ ಸಮಕ್ಕ ಬರೋದೇ ಇಲ್ಲಲ್ಲೋ!”

“ಬರ್ತಾನ ಕಾಕಾ. ನೀವು ಡ್ರಮ್ ಬಿಡ್ರಿ, ಬಾಸ್ ಹಿಡೀರಿ.”

ಇದು ಬ್ಲೂಸ್. ನಾಲ್ಕು ಮಾತ್ರೆಯ ಹನ್ನೆರಡು ವಿಭಾಗ, ಅಂದರೆ 48 ಮಾತ್ರೆಗೆ ಒಂದು ಆವರ್ತನ, ಅದರ ಮೊದಲ ಮಾತ್ರೆಯೇ ಸಮ. ಹಾಡಿನುದ್ದಕ್ಕೂ ಅದೇ ತಿರುಗುತ್ತದೆ. ಆದರೆ ಎಲ್ವಿನ್ ನಾಲ್ಕರ ನಡೆಯ ಮೇಲೆ ಮೂರರ ಪೆಟ್ಟು ಹಾಕುತ್ತಾ, ಒತ್ತು ಬೀಳಬೇಕಾದ ಕಡೆ ಬೀಳಿಸದೆ, ಬೇಡದ ಕಡೆ ಬೀಳಿಸುತ್ತಾ ಹೋಗುತ್ತಾನೆ. ಕಾಕಾ ಬಾಸ್ ಹಿಡಿದರು. ಬೆರಳು ಮತ್ತೆ ಓಡಿತು. ಮೂರ್ನಾಲ್ಕು ಆವರ್ತನ ಆದ ಮೇಲೆ ತೊಡೆ ತಟ್ಟಿದರು, ಸರಿಯಾಗಿ ಒಂದರ ಮೇಲೆ.

“ಹಿಡದೆ ನೋಡು. ಸಮ ಅದ. ಅದನ್ನ ತೋರ್ಸ್ಲಾಕ ಅವಗ ಮನಸಿಲ್ಲ, ಅಷ್ಟೇ. ಇದು ಆಡ ಲಯ. ಭಾಳ ಬೆರಕಿ ಇದ್ದಾನ ಮಗಾ.”

ಜಾಝ್ ಬಗ್ಗೆ ಓದಿದ ಎಷ್ಟೋ ಪುಟಗಳಲ್ಲಿ ಎಲ್ವಿನ್ ಜೋನ್ಸ್ ಬಗ್ಗೆ ಇಷ್ಟು ಚೊಕ್ಕ ಮಾತು ನಾನು ಓದಿಲ್ಲ. ಉತ್ಸಾಹದಲ್ಲಿ ‘ಇಂಪ್ರೆಷನ್ಸ್’ ಹಚ್ಚಿದೆ. ಅದು 32 ವಿಭಾಗದ್ದು, ಎಂಟೆಂಟರ ನಾಲ್ಕು ತುಂಡು. ಮೂರನೇ ತುಂಡಿಗೆ ಇಡೀ ಸಂಗೀತ ಅರ್ಧ ಸ್ವರ ಮೇಲೆ ಸರಿದು, ನಾಲ್ಕನೆಯದಕ್ಕೆ ವಾಪಸು ಇಳಿಯುತ್ತದೆ. ವೇಗ ಎಷ್ಟೆಂದರೆ ನನಗೆ ಅದು ತಿಳಿಯಲು ತಿಂಗಳುಗಳೇ ಹಿಡಿದಿದ್ದವು. ಕಾಕಾ ಮೊದಲ ಸಲಕ್ಕೇ ಕಣ್ಣು ಬಿಟ್ಟರು. “ಏ, ಸಾ ಸರದದ! ಅರ್ಧ ಸ್ವರ ಮ್ಯಾಲ ಹೋಗ್ಯದ. ... ಹೊಳ್ಳಿ ಬಂತು ನೋಡು.” ಸಾ ಅಲ್ಲಾಡಬಾರದು ಅಂತ ಜೀವಮಾನವಿಡೀ ನಂಬಿದವರಿಗೆ ಅದು ಸಿಕ್ಕಿಬೀಳದೆ ಇರುತ್ತದೆಯೇ? ಅವರಿಗೆ ಅದು ಇಷ್ಟವಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ‘ಇಂಡಿಯಾ’ ಇಷ್ಟವಾಯಿತು, ಅದರಲ್ಲೂ ಕೊನೆಯ ರಾತ್ರಿಯದು. ಡಾಲ್ಫಿ ಬಂದಾಗ ಮಾತ್ರ “ಈ ಬಾತುಕೋಳಿನ ಯಾರ ಕರದಾರ?” ಅಂದರು.

ಕಾಕಾ ಒಬ್ಬರೇ ಅಲ್ಲ. 1961ರ ಆ ನವೆಂಬರ್ ತಿಂಗಳೇ ‘ಡೌನ್‌ಬೀಟ್’ ಎಂಬ ಜಾಝ್ ಪತ್ರಿಕೆಯಲ್ಲಿ ಜಾನ್ ಟೈನನ್ ಎಂಬ ವಿಮರ್ಶಕ ಕೋಲ್ಟ್ರೇನ್-ಡಾಲ್ಫಿ ಜೋಡಿಯದು ಜಾಝ್ ವಿರೋಧಿ ಸಂಗೀತ ಅಂತ ಬರೆದ. 1962ರ ಏಪ್ರಿಲ್‌ನಲ್ಲಿ ಅದೇ ಪತ್ರಿಕೆ ಇಬ್ಬರನ್ನೂ ಕೂರಿಸಿ ಉತ್ತರ ಕೇಳಿತು. ಆ ಜಗಳ ಯಾಕೆ ಹುಟ್ಟಿತು ಅನ್ನುವುದು ಮೂರು ಹಾಡಿನ ಎಲ್‌ಪಿಗಿಂತ ಈ ನಾಲ್ಕು ಡಿಸ್ಕುಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ದಿನಾ ರಾತ್ರಿ ದುಡ್ಡು ಕೊಟ್ಟು ಬಂದು ಕೂತವರ ಎದುರು ಇವರು ಹೀಗೆಯೇ ನುಡಿಸಿದ್ದಾರೆ, ಒಂದು ಹಾಡಿಗೆ ಹದಿನೈದು ನಿಮಿಷ, ಯಾರ ಮುಲಾಜೂ ಇಲ್ಲದೆ.

ಧ್ವನಿಯ ಬಗ್ಗೆ. ರೆಕಾರ್ಡ್ ಮಾಡಿದ್ದು ರೂಡಿ ವ್ಯಾನ್ ಗೆಲ್ಡರ್. ಸ್ಟುಡಿಯೋದಲ್ಲಿ ಎಲ್ಲರೂ ಹೇಳಿದ ಕಡೆ ನಿಲ್ಲುತ್ತಾರೆ, ಕ್ಲಬ್ಬಿನಲ್ಲಿ ಕೋಲ್ಟ್ರೇನ್ ನಿಲ್ಲಲಿಲ್ಲ, ನುಡಿಸುತ್ತಾ ಅಡ್ಡಾಡಿದ. ವ್ಯಾನ್ ಗೆಲ್ಡರ್ ಮೈಕ್ ಹಿಡಿದು ಅವನ ಬೆನ್ನು ಹತ್ತಿದ. ‘ಚೇಸಿನ್ ದ ಟ್ರೇನ್’ ಎಂಬ ಹೆಸರು ಬಂದದ್ದು ಅದರಿಂದಲೇ. ಸ್ಯಾಕ್ಸೊಫೋನು, ಡ್ರಮ್ಮು ಮುಖಕ್ಕೇ ಬಡಿದಂತೆ ಕೇಳುತ್ತವೆ. ಪಿಯಾನೊ ಹಿಂದಿನ ಕೋಣೆಯಲ್ಲಿದೆ ಅನ್ನಿಸುತ್ತದೆ. ಎರಡು ಬಾಸ್ ಇರುವ ಕಡೆ ಯಾರು ಯಾವುದು ಅಂತ ಬೇರ್ಪಡಿಸಲು ಒಳ್ಳೆಯ ಹೆಡ್‌ಫೋನ್ ಬೇಕೇಬೇಕು, ನಮ್ಮ ಟಿವಿ ಕೆಳಗಿನ ಸೌಂಡ್‌ಬಾರ್ ಇದಕ್ಕೆ ಸಾಲದು. ‘ಗ್ರೀನ್‌ಸ್ಲೀವ್ಸ್’ ಎರಡು ಸಲ ಇದೆ, ಎರಡೂ ಸಲ ನಾನು ದಾಟಿಸುತ್ತೇನೆ. ಪುಸ್ತಿಕೆಯ ಅಕ್ಷರ ಸಣ್ಣದು. ಆದರೆ ಯಾವ ರಾತ್ರಿ, ಯಾವ ಹಾಡಿಗೆ, ಯಾರು ಕೂತಿದ್ದರು ಅನ್ನುವ ವಿವರ ಅಲ್ಲಿದೆ. ಒಂದು ಹಾಡಿಗೆ ಎಲ್ವಿನ್ ಬದಲು ರಾಯ್ ಹೇನ್ಸ್ ಡ್ರಮ್ ನುಡಿಸಿದ್ದಾನೆ ಅನ್ನುವುದು ಅದನ್ನು ನೋಡದಿದ್ದರೆ ತಿಳಿಯುವುದು ಕಷ್ಟ. ಇದೇ ಸಂಗೀತ ಮೊಬೈಲಿನಲ್ಲೂ ಸಿಗುತ್ತದೆ, ಚಂದಾ ಕಟ್ಟಿದರೆ ಸಾಕು. ಕೇಳಲು ಅಷ್ಟೇ ಸಾಕು ಅನ್ನುವವರೊಂದಿಗೆ ನನ್ನ ಜಗಳವಿಲ್ಲ. ನಾಲ್ಕು ‘ಇಂಡಿಯಾ’ ಸಾಲಾಗಿ ಕಾಣಿಸಿದಾಗ ಎಷ್ಟು ಜನ ಎರಡನೆಯದನ್ನು ಒತ್ತುತ್ತಾರೆ ಅನ್ನುವುದಷ್ಟೇ ನನ್ನ ಅನುಮಾನ.

ಈಗ ಉಳಿದ ಪೆಟ್ಟಿಗೆಗಳ ಮಾತು. ಜನರೆದುರು ಬೇರೆಬೇರೆ ಹೊತ್ತು ನುಡಿಸಿದ್ದು ಪೂರ್ತಿ ಬಂದರೆ ಅದಕ್ಕೆ ಅರ್ಥವಿದೆ. ಪಿಯಾನೊ ವಾದಕ ಬಿಲ್ ಇವಾನ್ಸ್‌ನ ಮೂರು ಸಿಡಿಯ ಸೆಟ್ ನೋಡಿ, 2005ರಲ್ಲಿ ಬಂದದ್ದು. ಇದೇ ಕ್ಲಬ್ಬು, ಇದೇ 1961, ಜೂನ್ 25ರ ಭಾನುವಾರ. ಮಧ್ಯಾಹ್ನ ಎರಡು ಸರದಿ, ರಾತ್ರಿ ಮೂರು ಸರದಿ. ಪಿಯಾನೊ, ಬಾಸ್, ಡ್ರಮ್ ಅಷ್ಟೇ. ಹಿಂದೆ ಗ್ಲಾಸಿನ ಸದ್ದು, ಮಾತು, ನಗು ಎಲ್ಲ ಕೇಳುತ್ತದೆ. ಇದನ್ನೂ ಮೊದಲು ಎರಡು ಆಲ್ಬಂ ಮಾಡಿ ಹಂಚಿದ್ದರು. ಸೆಟ್ಟಿನಲ್ಲಿ ಮೊದಲ ಹಾಡಿನ ನಡುವೆ ಕರೆಂಟ್ ಹೋಗಿ ಟೇಪು ತಪ್ಪುತ್ತದೆ, ಅದನ್ನೂ ಹಾಗೆಯೇ ಬಿಟ್ಟಿದ್ದಾರೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತು ಅದನ್ನು ಕೇಳುವಾಗ ನಗು ಬರದೆ ಇರುವುದಿಲ್ಲ. ಬಾಸ್ ನುಡಿಸಿದ ಸ್ಕಾಟ್ ಲಫಾರೊಗೆ 25 ವರ್ಷ. ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ಸತ್ತ. ಇದು ಕೊಳ್ಳಲೇಬೇಕಾದ ಪೆಟ್ಟಿಗೆ, ಕೋಲ್ಟ್ರೇನ್‌ಗಿಂತ ಮೊದಲು ಇದನ್ನೇ ಕೊಂಡರೂ ತಪ್ಪಿಲ್ಲ. ಮನೆಯವರೂ ಕೂತು ಕೇಳುತ್ತಾರೆ.

ಸ್ಟುಡಿಯೋ ಪೆಟ್ಟಿಗೆಗಳ ಕತೆ ಬೇರೆ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 1944ರಿಂದ 1948ರ ತನಕ ಸವಾಯ್, ಡಯಲ್ ಕಂಪನಿಗಳಿಗೆ ನುಡಿಸಿದ್ದೆಲ್ಲ ಎಂಟು ಸಿಡಿಯಲ್ಲಿ 2000ದಲ್ಲಿ ಬಂತು. ಆಗಿನ ತಟ್ಟೆ ಮೂರು ನಿಮಿಷದ್ದು. ಒಂದು ಹಾಡು ಸರಿಯಾಗುವ ತನಕ ಮತ್ತೆಮತ್ತೆ ನುಡಿಸಿ, ಒಂದನ್ನು ಆರಿಸಿ ಮಾರುತ್ತಿದ್ದರು. ಈ ಸೆಟ್ಟಿನಲ್ಲಿ ಆ ಎಲ್ಲ ಪ್ರಯತ್ನಗಳೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಹತ್ತು ಸೆಕೆಂಡ್ ನುಡಿಸಿ ನಿಂತುಹೋದದ್ದೂ ಬಿಟ್ಟಿಲ್ಲ. 1945ರ ನವೆಂಬರ್ 26ರ ‘ಕೋ ಕೋ’ದ ಮೊದಲ ಪ್ರಯತ್ನದಲ್ಲಿ ಇವರು ‘ಚೆರೋಕೀ’ ಎಂಬ ಹಳೆಯ ಹಾಡಿನ ಪಲ್ಲವಿಯನ್ನೇ ಹಿಡಿದುಬಿಡುತ್ತಾರೆ, ತಕ್ಷಣ ಯಾರೋ ಕೂಗಿ ನಿಲ್ಲಿಸುತ್ತಾರೆ. ಆ ಪಲ್ಲವಿ ಬಂದರೆ ಹಾಡಿನ ಹಕ್ಕುದಾರರಿಗೆ ರೊಕ್ಕ ಕೊಡಬೇಕಲ್ಲ! ಲೆಕ್ಕ ಬರೆಯುವವನಿಗೆ ಇದು ಭಾರೀ ಖುಷಿ ಕೊಡುವ ತುಣುಕು, ಹೌದು. ಆದರೆ ಎಷ್ಟು ಸಲ ಕೇಳಲಿ? ಪಾರ್ಕರ್ ಪ್ರತಿ ಸಲವೂ ಬೇರೆಯೇ ನುಡಿಸುತ್ತಾನೆ ಅನ್ನುವುದು ಖರೆ, ಕಲಿಯುವವರಿಗೆ ಅದು ಗಣಿ. ಸುಮ್ಮನೆ ಕೇಳುವವನಿಗೆ ಅದೇ ಪೀಠಿಕೆ ಐದು ಸಲ ಬಂದರೆ ಆರನೆಯ ಸಲಕ್ಕೆ ಅಡುಗೆಮನೆಗೆ ಹೋಗೋಣ ಅನ್ನಿಸುತ್ತದೆ. ಕೋಲ್ಟ್ರೇನ್ ಅಟ್ಲಾಂಟಿಕ್ ಕಂಪನಿಗೆ ನುಡಿಸಿದ್ದರ ಏಳು ಸಿಡಿಯ ಸೆಟ್ 1995ರಲ್ಲಿ ಬಂತು, ಅದರಲ್ಲಿ ಕೈಬಿಟ್ಟ ಪ್ರಯತ್ನಗಳನ್ನು ಏಳನೆಯ ಡಿಸ್ಕಿಗೆ ಸರಿಸಿ ಇಟ್ಟಿದ್ದಾರೆ. ಬೇಕಾದವರು ಅಲ್ಲಿಗೆ ಹೋಗುತ್ತಾರೆ. ಸ್ಟುಡಿಯೋ ಪೆಟ್ಟಿಗೆ ಮಾಡುವವರೆಲ್ಲ ಇಷ್ಟು ಕನಿಕರ ತೋರಿಸಬೇಕು.

ಪೂರ್ತಿ ಎನ್ನುವ ಹುಚ್ಚಿನ ತುದಿ ನೋಡಬೇಕೆಂದರೆ ಡೀನ್ ಬೆನೆಡೆಟ್ಟಿಯ ಟೇಪುಗಳಿವೆ. ಈತ ಪಾರ್ಕರ್ ಹಿಂದೆ ರೆಕಾರ್ಡಿಂಗ್ ಯಂತ್ರ ಹೊತ್ತು ಅಲೆದವನು. ಪಾರ್ಕರ್ ನುಡಿಸುವಾಗ ಮಾತ್ರ ಯಂತ್ರ ಚಾಲೂ. ಬೇರೆಯವರ ಸರದಿ ಬಂದರೆ ಬಂದ್. ಅದನ್ನು ಮೊಸಾಯಿಕ್ ಎಂಬ ಕಂಪನಿ 1990ರಲ್ಲಿ ಏಳು ಸಿಡಿ ಮಾಡಿ ಹೊರತಂದಿತು. ಮೈಕಲ್ ಕಸ್ಕೂನಾ, ಚಾರ್ಲಿ ಲೌರಿ ಇಬ್ಬರೂ ಕಟ್ಟಿದ ಕಂಪನಿ ಅದು, 1983ರಲ್ಲಿ ಮಂಕ್‌ ಬ್ಲೂ ನೋಟ್ ಕಂಪನಿಗೆ ಮಾಡಿದ ರೆಕಾರ್ಡುಗಳ ಸೆಟ್ಟಿನಿಂದ ಶುರುವಾಯಿತು. ಲೆಕ್ಕ ಹಾಕಿ ಇಷ್ಟೇ ಪ್ರತಿ ಅಂತ ಮಾಡುತ್ತಾರೆ, ಮುಗಿದರೆ ಮುಗಿಯಿತು. ಕಸ್ಕೂನಾ 2024ರಲ್ಲಿ ತೀರಿಕೊಂಡರು. ಇವತ್ತು ಜಾಝ್ ಪೆಟ್ಟಿಗೆಗಳಲ್ಲಿ ತಾರೀಖು, ಹೆಸರು, ಫೋಟೊ ಸಮೇತ ಪುಸ್ತಿಕೆ ಇರಬೇಕು ಅಂತ ನಾವು ಹಟ ಹಿಡಿಯುತ್ತೇವಲ್ಲ, ಆ ಚಾಳಿ ಹಿಡಿಸಿದ್ದು ಬಹುಪಾಲು ಇವರೇ. ಮೊಸಾಯಿಕ್ ಪೆಟ್ಟಿಗೆ ನನ್ನ ಬಳಿ ಒಂದೂ ಇಲ್ಲ. ಸೆಕೆಂಡ್ ಹ್ಯಾಂಡ್ ದರ ನೋಡಿ ಸುಮ್ಮನಾಗಿದ್ದೇನೆ.

ಅಗ್ಗದ ‘ಕಂಪ್ಲೀಟ್’ ಪೆಟ್ಟಿಗೆಗಳೂ ಇವೆ, ಹೆಚ್ಚಾಗಿ ಯುರೋಪಿನವು. ಅಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷವಿತ್ತು, 2013ರಲ್ಲಿ 70ಕ್ಕೆ ಏರಿತು. ಅಷ್ಟರಲ್ಲಿ 1962ರ ತನಕ ಬಿಡುಗಡೆಯಾದವೆಲ್ಲ ಹಕ್ಕಿನಿಂದ ಹೊರಗೆ ಬಂದಿದ್ದವು. ಯಾರು ಬೇಕಾದರೂ ಒತ್ತಬಹುದು, ಒತ್ತುತ್ತಾರೆ. ಕೆಲವುಗಳಲ್ಲಿ ಒಂದು ಹಾಳೆಯ ಪಟ್ಟಿ ಬಿಟ್ಟರೆ ಏನೂ ಇರುವುದಿಲ್ಲ. ಹಾಗಂತ ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್, ಹಾಟ್ ಸೆವೆನ್ ತಂಡಗಳ ರೆಕಾರ್ಡುಗಳ ಜೆಎಸ್‌ಪಿ ಕಂಪನಿಯ ನಾಲ್ಕು ಸಿಡಿಯ ಸೆಟ್ ಅಗ್ಗದ್ದೇ. ಹಳೆಯ ತಟ್ಟೆಗಳಿಂದ ಅದನ್ನು ಇಳಿಸಿದ್ದು ಜಾನ್ ಆರ್.ಟಿ. ಡೇವೀಸ್, ಆ ಕೆಲಸದಲ್ಲಿ ಅವರನ್ನು ಮೀರಿಸಿದವರು ಕಡಿಮೆ. 1920ರ ದಶಕದ ತುತ್ತೂರಿ ಎದುರಿಗೇ ನಿಂತು ಊದಿದಂತಿದೆ.

ಮರುಬಿಡುಗಡೆ ಅಂದರೆ ಹಳೆಯ ಸರಕಿಗೆ ಹೊಸ ಚೀಲ ಅಂತ ಮೂಗು ಮುರಿಯುವವರಿಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ನೆನಪಿಸುತ್ತೇನೆ. 1959ರಲ್ಲಿ ರೆಕಾರ್ಡ್ ಮಾಡುವಾಗ ಒಂದು ಟೇಪ್ ಯಂತ್ರ ತುಸು ನಿಧಾನ ಓಡಿದ್ದರಿಂದ ಮೊದಲ ಮಗ್ಗುಲಿನ ಹಾಡುಗಳು ಕೇಳುವಾಗ ಸ್ವಲ್ಪ ಏರಿದ ಶ್ರುತಿಯಲ್ಲಿ ಬರುತ್ತಿದ್ದವು. ಜಗತ್ತಿನಲ್ಲೇ ಹೆಚ್ಚು ಮಾರಾಟವಾದ ಜಾಝ್ ಆಲ್ಬಂಗಳಲ್ಲಿ ಅದೊಂದು. ಮೂವತ್ತು ವರ್ಷ ಜನ ಆ ತಪ್ಪು ಶ್ರುತಿಯನ್ನೇ ಕೇಳಿದರು. ಸರಿಯಾದದ್ದು 1992ರ ಮರುಬಿಡುಗಡೆಯಲ್ಲಿ, ಇನ್ನೊಂದು ಯಂತ್ರದ ಟೇಪಿನಿಂದ.

ನಮ್ಮ ಕಡೆಯ ಹವಾಮಾನಕ್ಕೆ ಸಿಡಿಯೇ ವಾಸಿ. ಎಲ್‌ಪಿ ನೋಡಲು ಚೆಂದ, ಆದರೆ ಏಪ್ರಿಲ್-ಮೇ ಬಿಸಿಲಲ್ಲಿ ಮಹಡಿ ಕೋಣೆಯಲ್ಲಿ ಮಲಗಿಸಿಟ್ಟ ತಟ್ಟೆ ಹಪ್ಪಳವಾಗುತ್ತದೆ. ಇಡಲೇಬೇಕೆಂದರೆ ನೆಟ್ಟಗೆ ನಿಲ್ಲಿಸಿ, ಕೆಳಗಿನ ಮನೆಯಲ್ಲಿ. ನಮ್ಮದು ಶಹಾಬಾದಿ ಕಲ್ಲು ಹಾಸಿದ ಹಳೆಯ ಮನೆ, ದಪ್ಪ ಗೋಡೆಯ ಗೂಡಿನಲ್ಲಿ ಪೆಟ್ಟಿಗೆಗಳು ತಂಪಾಗಿವೆ. ಧೂಳಿಗೆ ಮಾತ್ರ ಉಪಾಯವಿಲ್ಲ. ಸಿಡಿ ಪ್ಲೇಯರಿನ ಲೆನ್ಸ್‌ಗೆ ಧೂಳು ಕೂತರೆ ಡಿಸ್ಕ್ ಚೆನ್ನಾಗಿದ್ದರೂ ತೊದಲುತ್ತದೆ. ಬಳಸದಾಗ ಬಟ್ಟೆ ಮುಚ್ಚಿಡುವುದು, ಟ್ರೇ ತೆರೆದಿಡದಿರುವುದು, ಇಷ್ಟೇ ಮಾಡಬಹುದಾದದ್ದು. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡುವವರು ಊರಲ್ಲಿ ಇನ್ನೂ ಇದ್ದಾರೆ, ಆದರೆ ಲೇಸರ್ ಬಿಡಿಭಾಗ ಹೈದರಾಬಾದಿನಿಂದ ಬರಬೇಕು ಅನ್ನುತ್ತಾರೆ.

ರೊಕ್ಕದ ಲೆಕ್ಕಕ್ಕೆ ಬರೋಣ. ಮೊದಲು 1962 ಮತ್ತು 1963ರ ಆ ಎರಡು ಆಲ್ಬಂಗಳನ್ನು ಮೊಬೈಲಿನಲ್ಲೇ ಕೇಳಿ. ‘ಇಂಡಿಯಾ’ ಮುಗಿದ ಕೂಡಲೇ ಇನ್ನೊಂದು ಸಲ ಹಚ್ಚಬೇಕು ಅನ್ನಿಸಿದರೆ ಪೆಟ್ಟಿಗೆ ನಿಮ್ಮದು. ಅನ್ನಿಸದಿದ್ದರೆ ಏಳು ಸಾವಿರ ಉಳಿಯಿತು, ಬಿಲ್ ಇವಾನ್ಸ್ ಸೆಟ್ ಕೊಂಡುಕೊಳ್ಳಿ. ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನನ್ನದೂ ಜಜ್ಜಿದೆ. ಪುಸ್ತಿಕೆ ಒಳಗಿದೆಯೇ ಅಂತ ಫೋಟೊ ತರಿಸಿಕೊಂಡು ನೋಡಿ, ಅದಿಲ್ಲದ ಸೆಟ್ಟಿಗೆ ಅರ್ಧ ದರವೂ ಹೆಚ್ಚು. ನನಗೆ ಮಾರಿದವರು ‘ಹೊಸದರಂತಿದೆ’ ಅಂತ ಬರೆದಿದ್ದರು. ಮೂರನೇ ಡಿಸ್ಕಿನ ಕೊನೆಯ ಹಾಡು ಎರಡು ಕಡೆ ಜಿಗಿಯುತ್ತಿತ್ತು. ಫೋಟೊ ತೆಗೆದು, ಜಿಗಿಯುವ ಸದ್ದು ರೆಕಾರ್ಡ್ ಮಾಡಿ ಕಳಿಸಿದ ಮೇಲೆ ಸ್ವಲ್ಪ ರೊಕ್ಕ ವಾಪಸು ಕೊಟ್ಟರು. ಪಾರ್ಸೆಲ್ ಬಂದ ದಿನವೇ ನಾಲ್ಕೂ ಡಿಸ್ಕುಗಳನ್ನು ಕೊನೆಯ ತನಕ ಹಚ್ಚಿ ನೋಡಿ, ‘ಗ್ರೀನ್‌ಸ್ಲೀವ್ಸ್’ ಸಮೇತ. ಗಡುವು ದಾಟಿದ ಮೇಲೆ ಪರದೇಶದ ಅಂಗಡಿಯವರು ಫೋನೂ ಎತ್ತುವುದಿಲ್ಲ, ಈಮೇಲೂ ನೋಡುವುದಿಲ್ಲ.